ತುದ್ಮೀರ್: ಒಂದು ಹೆಸರು, ಒಂದು ಕರಾರು

ಯೂಸುಫ್ ಎಂದರೂ ಯೋಸೇಫ ಎಂದರೂ ಹೆಸರು ಒಂದೇ ಎಂಬುದು ನಮಗೆ ಗೊತ್ತು. ಭಾಷೆ ಬದಲಾದಾಗ ಹೆಸರಿನ ಉಚ್ಚಾರವೂ ಬದಲಾಗುತ್ತದೆ. ಸ್ಪೇನಿನ ಇತಿಹಾಸದಲ್ಲಿ ಹೀಗೆ ಬದಲಾದ ಒಂದು ಹೆಸರಿನ ಬೆನ್ನಿಗೆ ಒಂದು ಕರಾರೂ ಇದೆ.

711ರಲ್ಲಿ ಮುಸ್ಲಿಮ್ ಸೇನೆ ಸ್ಪೇನನ್ನು ಪ್ರವೇಶಿಸಿದಾಗ ಅಲ್ಲಿ ಗೋಥರ ಆಳ್ವಿಕೆಯಿತ್ತು. ಆಗ್ನೇಯ ಭಾಗದ ಒಡೆಯನ ಹೆಸರು ಥಿಯೊಡೆಮಿರ್. ಗೋಥಿಕ್ ಭಾಷೆಯಲ್ಲಿ 'ಥಿಯುದ' ಎಂದರೆ ಜನ. ಹೆಸರಿನ ಉತ್ತರಾರ್ಧಕ್ಕೆ ಪ್ರಸಿದ್ಧ ಎಂದರ್ಥ. ಒಟ್ಟಿನಲ್ಲಿ, ಜನರ ನಡುವೆ ಹೆಸರಾದವನು. ಇಟಲಿಯನ್ನಾಳಿದ ಗೋಥ್ ದೊರೆ ಥಿಯೊಡೊರಿಕ್‌ನ ತಂದೆಗೂ ಇದೇ ಹೆಸರಿತ್ತು. ಸ್ಪ್ಯಾನಿಷ್‌ನಲ್ಲಿ ಇದು ತೆಯೊದೊಮಿರೊ. ಜರ್ಮನರ ಡೀಟ್ಮಾರ್ ಇದರ ಸೋದರ ರೂಪ. ಜರ್ಮನರು ತಮ್ಮ ಭಾಷೆಯನ್ನು ಕರೆಯುವ 'ಡಾಯ್ಚ್' ಎಂಬ ಪದ ಕೂಡ ಜನ ಎಂಬರ್ಥದ ಅದೇ ಮೂಲದಿಂದ ಬಂದದ್ದು.

ಅರಬರ ಬಾಯಲ್ಲಿ ಈ ಹೆಸರು ತುದ್ಮೀರ್ ಆಯಿತು. ಹಿಜರಿ 94ರಲ್ಲಿ, ಅಂದರೆ 713ರಲ್ಲಿ, ಮೂಸಾ ಬಿನ್ ನುಸೈರ್‌ರ ಮಗ ಅಬ್ದುಲ್ ಅಝೀಝ್ ಈತನೊಂದಿಗೆ ಕರಾರು ಮಾಡಿಕೊಂಡರು. ಒರಿಹುಯೆಲಾ, ಮುಲಾ, ಲೋರ್ಕಾ ಸೇರಿದಂತೆ ಏಳು ಪಟ್ಟಣಗಳು ಅದರ ವ್ಯಾಪ್ತಿಯಲ್ಲಿದ್ದವು. ತುದ್ಮೀರ್‌ನ ಅಧಿಕಾರವನ್ನು ಕಸಿಯಬಾರದು, ಅವನ ಜನರನ್ನು ಕೊಲ್ಲಬಾರದು, ಸೆರೆ ಹಿಡಿಯಬಾರದು, ಮಡದಿ ಮಕ್ಕಳಿಂದ ಅಗಲಿಸಬಾರದು, ಧರ್ಮದ ವಿಷಯದಲ್ಲಿ ಬಲಾತ್ಕರಿಸಬಾರದು, ಚರ್ಚುಗಳನ್ನು ಸುಡಬಾರದು. ಇದಕ್ಕೆ ಪ್ರತಿಯಾಗಿ ಅವರು ಶತ್ರುಗಳಿಗೆ ಆಶ್ರಯ ಕೊಡುವಂತಿರಲಿಲ್ಲ. ವರ್ಷಕ್ಕೆ ತಲಾ ಒಂದು ದೀನಾರ್ ಹಾಗೂ ಗೊತ್ತುಪಡಿಸಿದ ಅಳತೆಯ ಗೋಧಿ, ಬಾರ್ಲಿ, ವಿನೆಗರ್, ಜೇನು, ಎಣ್ಣೆ ಸಲ್ಲಿಸಬೇಕಿತ್ತು. ಗುಲಾಮರಿಗೆ ಇದರ ಅರ್ಧ.

ಇದನ್ನು ಸಮಾನರ ನಡುವಿನ ಒಪ್ಪಂದವೆಂದು ನಾವು ಬಣ್ಣಿಸಬೇಕಾಗಿಲ್ಲ. ಗೆದ್ದವರು ಷರತ್ತು ಹಾಕಿದರು, ಸೋತವರು ಒಪ್ಪಿದರು. ಗುಲಾಮಗಿರಿಯೂ ಹಾಗೆಯೇ ಉಳಿಯಿತು. ಆದರೆ ಗೆದ್ದವರು ತಮ್ಮ ಕೈಯನ್ನೂ ಬರಹದಲ್ಲಿ ಕಟ್ಟಿಕೊಂಡರು ಎಂಬುದು ಸಣ್ಣ ಮಾತಲ್ಲ. 11ನೇ ಶತಮಾನದ ಅಲ್-ಉದ್ರಿ ಈ ಕರಾರಿನ ಪಾಠವನ್ನು ತನ್ನ ಗ್ರಂಥದಲ್ಲಿ ಕಾಪಾಡಿದ್ದಾನೆ.

ಹೆಸರು ಅಲ್ಲಿಗೇ ನಿಲ್ಲಲಿಲ್ಲ. ಆ ಇಡೀ ಪ್ರಾಂತ್ಯವನ್ನೇ ಅರಬರು ತುದ್ಮೀರ್ ಎಂದು ಕರೆದರು. 825ರಲ್ಲಿ ಮುರ್ಸಿಯಾ ನಗರ ಸ್ಥಾಪನೆಯಾದದ್ದು ಆ ಪ್ರಾಂತ್ಯದಲ್ಲೇ. 1165ರಲ್ಲಿ ಸೂಫಿ ಚಿಂತಕ ಇಬ್ನ್ ಅರಬಿ ಹುಟ್ಟಿದ್ದು ಅದೇ ಮುರ್ಸಿಯಾದಲ್ಲಿ. ಶರಣಾದ ಒಬ್ಬ ಕ್ರೈಸ್ತ ಒಡೆಯನ ಹೆಸರನ್ನು ಮುಸ್ಲಿಮ್ ಆಡಳಿತ ತಲೆಮಾರುಗಳ ಕಾಲ ತನ್ನ ಪ್ರಾಂತ್ಯದ ಹೆಸರಾಗಿ ಉಳಿಸಿಕೊಂಡಿತ್ತು.

ಇನ್ನೊಂದು ಸ್ವಾರಸ್ಯವಿದೆ. ಸ್ವರಚಿಹ್ನೆಗಳಿಲ್ಲದೆ ಬರೆದರೆ ಅರಬಿಯಲ್ಲಿ 'ತುದ್ಮೀರ್' ಮತ್ತು 'ತದ್ಮೀರ್' ಒಂದೇ ರೀತಿ ಕಾಣುತ್ತವೆ. ತದ್ಮೀರ್ ಎಂದರೆ ವಿನಾಶ. ಅವಸರದಲ್ಲಿ ಓದುವವನಿಗೆ ವಿನಾಶ ಕಂಡೀತು. ನಿಧಾನವಾಗಿ ಓದಿದವನಿಗೆ ಅಲ್ಲೊಬ್ಬ ಮನುಷ್ಯ, ಅವನಿಗೆ ಕೊಟ್ಟ ಮಾತು ಕಾಣುತ್ತದೆ. ಇತಿಹಾಸವನ್ನು ನಾವು ಓದಬೇಕಾದದ್ದೂ ಹೀಗೆಯೇ.