ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ

ನಾಯಿ ಕಚ್ಚಿದರೆ ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್ ಎಂಬ ಮಾತನ್ನು ಕೇಳದೆ ಬೆಳೆದವರು ನಮ್ಮ ಪೀಳಿಗೆಯಲ್ಲಿ ಇರಲಾರರು. ತುಂಟ ಮಕ್ಕಳನ್ನು ಅಂಕೆಯಲ್ಲಿಡಲು ಗುಮ್ಮನಿಗಿಂತಲೂ ಈ ಮಾತೇ ಹೆಚ್ಚು ಉಪಯೋಗಕ್ಕೆ ಬರುತ್ತಿತ್ತು. ಮೊನ್ನೆ ನನ್ನ ಮೊಮ್ಮಗಳಿಗೆ ಬೀದಿಯ ಮರಿನಾಯಿಯೊಂದು ಪರಚಿತು. ತೋಳಿಗೆ ಚುಚ್ಚುಮದ್ದು ಹಾಕಿಸಿಕೊಂಡು ಬಂದವಳು, “ಇಷ್ಟೇನಾ ತಾತ? ಹೊಟ್ಟೆಗೆ ಅಂತ ಹೇಳ್ತಿದ್ರಲ್ಲ?” ಎಂದು ನಕ್ಕಳು. ಅವಳಿಗೆ ಹೇಳಹೊರಟದ್ದು ಉದ್ದವಾಗಿ, ಕೊನೆಗೆ ಬರೆದೇ ಬಿಡೋಣವೆನ್ನಿಸಿತು. ಏಕೆಂದರೆ ಆ ಹದಿನಾಲ್ಕನ್ನೂ ಒಂದೊಂದಾಗಿ ಎಣಿಸಿ ಹಾಕಿಸಿಕೊಂಡವನು ನಾನು.

ಅದು 1965ರ ಬೇಸಿಗೆ. ನಮ್ಮ ಮನೆಯಲ್ಲಿ ಕರಿಯ ಎಂಬ ನಾಯಿಯಿತ್ತು. ಅದಕ್ಕೆ ನಾವು ಮಾಡುತ್ತಿದ್ದ ಆರೈಕೆಯೆಂದರೆ ರಾತ್ರಿ ಉಳಿದ ರಾಗಿಮುದ್ದೆಗೆ ಮಜ್ಜಿಗೆ ಕಿವುಚಿ ಕಲ್ಲಿನ ಬಾನಿಗೆ ಹಾಕುವುದು, ಹಬ್ಬದ ಮಾರನೆಯ ದಿನ ಕೆರೆಯಲ್ಲಿ ಮೀಯಿಸುವುದು, ಕಿವಿಯ ಉಣ್ಣೆಗಳನ್ನು ಬೆರಳಿನಿಂದ ಕಿತ್ತು ಬೂದಿಗೆ ಎಸೆಯುವುದು. ನಾಯಿಗೂ ಸೂಜಿಮದ್ದು ಉಂಟೆಂಬುದು ನಮ್ಮೂರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಒಂದು ಮಧ್ಯಾಹ್ನ ಎಲ್ಲಿಂದಲೋ ಬಂದ ಕೆಂದುನಾಯಿಯೊಂದು ಜೊಲ್ಲು ಸುರಿಸುತ್ತ, ಯಾರ ಕಡೆಗೂ ನೋಡದೆ ನೇರವಾಗಿ ಓಡುತ್ತ ಬೀದಿಗೆ ನುಗ್ಗಿತು. ಅಡ್ಡ ಬಂದ ಕರಿಯನ ಕುತ್ತಿಗೆಯನ್ನು ಕಚ್ಚಿತು. ಬಿಡಿಸಹೋದ ನನ್ನ ಮೀನಖಂಡಕ್ಕೆ ಬಾಯಿ ಹಾಕಿತು. ಗೋಲಿಯಾಡುತ್ತ ನೆಲಕ್ಕೆ ಬಾಗಿದ್ದ ನನ್ನ ಗೆಳೆಯನ ಕೆನ್ನೆಯನ್ನು ಹರಿಯಿತು. ನಾವಿಬ್ಬರೂ ಶಾಲೆಯಲ್ಲಿ ಒಂದೇ ಮಣೆಯ ಮೇಲೆ ಕುಳಿತುಕೊಳ್ಳುತ್ತಿದ್ದವರು.

ಅಜ್ಜಿ ಗಾಯಕ್ಕೆ ಅರಿಶಿನ, ಸುಣ್ಣ ಮೆತ್ತಿದರು. ಅಪ್ಪ ಸಂಜೆಯ ಬಸ್ಸಿನಲ್ಲಿ ಪಟ್ಟಣದ ಆಸ್ಪತ್ರೆಗೆ ಕರೆದೊಯ್ದರು. ಗೆಳೆಯನ ತಂದೆ ಕೂಲಿಯವರು. ಹದಿನಾಲ್ಕು ದಿನ ಕೂಲಿ ಬಿಟ್ಟು, ಇಬ್ಬರ ಬಸ್ ಛಾರ್ಜು ತೆತ್ತು ಓಡಾಡುವುದು ಅವರಿಂದಾಗದ ಮಾತು. ಪಕ್ಕದ ಊರಿನಲ್ಲಿ ಮಂತ್ರಿಸಿ ಬೇರು ಕೊಡುವವರಿದ್ದರು. ಅಲ್ಲಿಗೆ ಹೋದರು.

ಇಲ್ಲಿಗೆ ಈ ಕಥೆಯನ್ನು ನಿಲ್ಲಿಸಿ, ಆ ಸೂಜಿ ನಮ್ಮ ಪಟ್ಟಣದವರೆಗೆ ಬಂದ ದಾರಿಯನ್ನು ಹೇಳಬೇಕು.

ಹುಚ್ಚುನಾಯಿಯ ರೋಗ ನಮ್ಮ ಪೂರ್ವಿಕರಿಗೆ ಚೆನ್ನಾಗಿಯೇ ತಿಳಿದಿತ್ತು. ಸುಶ್ರುತ ಸಂಹಿತೆಯ ಕಲ್ಪಸ್ಥಾನದಲ್ಲಿ ಹುಚ್ಚುನಾಯಿಯ ಲಕ್ಷಣಗಳ ವರ್ಣನೆಯಿದೆ: ಬಾಲ, ದವಡೆ, ಹೆಗಲುಗಳು ಜೋತುಬೀಳುವುದು, ಜೊಲ್ಲು ಸುರಿಯುವುದು. ಕಚ್ಚಿಸಿಕೊಂಡವನು ನೀರನ್ನು ಕಂಡು ಬೆದರಿದರೆ ಅದನ್ನು ‘ಜಲತ್ರಾಸ’ವೆಂದು ಕರೆದು, ಅಂಥವನು ಬದುಕುವುದಿಲ್ಲವೆಂದು ಸ್ಪಷ್ಟವಾಗಿ ಹೇಳಿದೆ. ಕಚ್ಚಿದ ಜಾಗವನ್ನು ಹಿಂಡಿ ರಕ್ತ ತೆಗೆದು ಕಾದ ತುಪ್ಪದಿಂದ ಸುಡಬೇಕೆಂಬುದು ಆ ಗ್ರಂಥದ ಚಿಕಿತ್ಸೆ. ರೋಗ ಗುರುತಿಸಿದ ಆ ಕಣ್ಣಿಗೆ ನಾನು ಕೈಮುಗಿಯುತ್ತೇನೆ. ಆದರೆ ಗುರುತಿಸುವುದೇ ಬೇರೆ, ಗುಣಪಡಿಸುವುದೇ ಬೇರೆ. ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕಿಸುವ ಚಿಕಿತ್ಸೆ ಇಂದಿಗೂ ನಮ್ಮ ಕೈಯಲ್ಲಿಲ್ಲ.

ದಾರಿ ತೆರೆದವರು ಫ್ರಾನ್ಸಿನ ಲೂಯಿ ಪಾಶ್ಚರ್. ಅವರು ವೈದ್ಯರಲ್ಲ, ರಸಾಯನಶಾಸ್ತ್ರಜ್ಞರು. ರೋಗ ತಗುಲಿದ ಮೊಲದ ಬೆನ್ನುಹುರಿಯನ್ನು ಒಣಗಿಸಿದಷ್ಟೂ ಅದರ ವಿಷ ಕುಂದುತ್ತದೆ ಎಂಬುದನ್ನು ಕಂಡುಕೊಂಡಿದ್ದರು. ಹಾಗೆ ಕುಂದಿಸಿದ ಮದ್ದನ್ನು ಅವರು ಮೊದಲು ಪ್ರಯೋಗಿಸಿದ್ದು ನಾಯಿಗಳ ಮೇಲೆ. ಮದ್ದು ಪಡೆದ ನಾಯಿಗಳಿಗೆ ರೋಗ ಬರುವುದಿಲ್ಲವೆಂಬುದನ್ನು 1884ರಲ್ಲಿ ಸರ್ಕಾರಿ ಸಮಿತಿಯ ಮುಂದೆ ತೋರಿಸಿಕೊಟ್ಟರು. ಈ ಸಂಗತಿಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು, ಮತ್ತೆ ಇದಕ್ಕೇ ಬರಲಿದ್ದೇನೆ. ಮರುವರ್ಷ, 1885ರ ಜುಲೈ 6ರಂದು, ಆಲ್ಸೇಸ್ ಪ್ರಾಂತದ ಜೋಸೆಫ್ ಮೈಸ್ಟರ್ ಎಂಬ ಒಂಬತ್ತು ವರ್ಷದ ಹುಡುಗನನ್ನು ಅವನ ತಾಯಿ ಪ್ಯಾರಿಸ್ಸಿಗೆ ಕರೆತಂದಳು. ಪಾಶ್ಚರ್ ವೈದ್ಯರಲ್ಲದ್ದರಿಂದ ಸೂಜಿ ಹಿಡಿದವರು ಡಾಕ್ಟರ್ ಗ್ರಾಂಷೇ. ಹದಿಮೂರು ಬಾರಿ ಚುಚ್ಚಿದರು, ಹೊಟ್ಟೆಯ ಭಾಗದ ಚರ್ಮದ ಅಡಿಗೆ. ಹೊಟ್ಟೆಯ ಸೂಜಿಯ ಪರಂಪರೆ ಹೀಗೆ ಅಂದೇ ಮೊದಲಾಯಿತು. ಹುಡುಗ ಬದುಕಿದ, ದೊಡ್ಡವನಾದ ಮೇಲೆ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿಯೇ ಕಾವಲಿನವನಾದ.

ಕಚ್ಚಿದ ಮೇಲೆ ಮದ್ದು ಹಾಕಿದರೆ ಹೇಗೆ ಫಲಿಸುತ್ತದೆ ಎಂದು ನನ್ನ ವಿದ್ಯಾರ್ಥಿಗಳು ಕೇಳುತ್ತಿದ್ದರು. ಈ ವಿಷಾಣು ರಕ್ತದಲ್ಲಿ ಹರಿಯುವುದಿಲ್ಲ. ನರವನ್ನು ಹಿಡಿದು ನಿಧಾನವಾಗಿ ಮಿದುಳಿನತ್ತ ಸಾಗುತ್ತದೆ. ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳು ಹಿಡಿಯುತ್ತದೆ. ಆ ಅವಧಿಯೊಳಗೆ ಶರೀರಕ್ಕೆ ತಡೆಯುವ ಶಕ್ತಿ ಬಂದರೆ ಗೆದ್ದಂತೆ. ಕಚ್ಚಿದ್ದು ಕಾಲಿಗಾದರೆ ದಾರಿ ದೂರ, ಮುಖಕ್ಕಾದರೆ ಬಹಳ ಹತ್ತಿರ.

ದಾರಿಯ ದೂರ ನರದಲ್ಲಿ ಮಾತ್ರವಲ್ಲ, ನೆಲದ ಮೇಲೂ ಇತ್ತು. 1886ರಲ್ಲಿ ತೋಳ ಕಚ್ಚಿದ ಹತ್ತೊಂಬತ್ತು ಜನ ರಷ್ಯನ್ನರು ಸ್ಮೋಲೆನ್ಸ್ಕ್‌ನಿಂದ ಪ್ಯಾರಿಸ್ಸಿಗೆ ಬಂದು ತಲುಪಿದರು. ಹದಿನಾರು ಜನ ಬದುಕಿದರು. ಹಿಂದೂಸ್ತಾನದಲ್ಲಿ ಕಚ್ಚಿಸಿಕೊಂಡ ಬ್ರಿಟಿಷ್ ಸಿಪಾಯಿಗಳನ್ನೂ ಹಡಗು ಹತ್ತಿಸಿ ಪ್ಯಾರಿಸ್ಸಿಗೆ ಕಳುಹಿಸುತ್ತಿದ್ದರು. ನಮ್ಮವರನ್ನು ಯಾರು ಕಳುಹಿಸಬೇಕು? ಈ ದೇಶದಲ್ಲಿಯೇ ಒಂದು ಕೇಂದ್ರ ಬೇಕೆಂಬ ಕೂಗಿಗೆ, ಪ್ರಾಣಿಗಳ ಮೇಲಿನ ಪ್ರಯೋಗವನ್ನು ವಿರೋಧಿಸುವವರ ಆಕ್ಷೇಪಣೆಯೂ ಅಡ್ಡ ಬಂತು. ಕೊನೆಗೆ 1900ರಲ್ಲಿ ಶಿಮ್ಲಾ ಬೆಟ್ಟಗಳ ದಾರಿಯ ಕಸೌಲಿಯಲ್ಲಿ ಪಾಶ್ಚರ್ ಸಂಸ್ಥೆ ತೆರೆಯಿತು. ಅದರ ಮೊದಲ ನಿರ್ದೇಶಕರು ಡೇವಿಡ್ ಸೆಂಪಲ್ ಎಂಬ ಸೇನಾ ವೈದ್ಯರು. ದಕ್ಷಿಣದವರಿಗೆ ಕಸೌಲಿಯೂ ಒಂದು ಪ್ಯಾರಿಸ್ಸೇ. 1902ರಲ್ಲಿ ಲಿಲಿ ಪೇಕನ್‌ಹ್ಯಾಮ್ ವಾಲ್ಷ್ ಎಂಬ ಆಂಗ್ಲ ಯುವತಿ ದಕ್ಷಿಣದಲ್ಲಿ ಈ ರೋಗದಿಂದ ತೀರಿಕೊಂಡಾಗ ಆ ಕೊರತೆ ಆಳುವವರ ಕಣ್ಣಿಗೂ ಬಿತ್ತು. ಅಮೆರಿಕದ ಧನಿಕ ಹೆನ್ರಿ ಫಿಪ್ಸ್ ವೈಸರಾಯ್ ಕರ್ಜನ್‌ಗೆ ಕೊಟ್ಟ ಹಣದ ಒಂದು ಪಾಲಿನಿಂದ 1907ರಲ್ಲಿ ನೀಲಗಿರಿಯ ಕೂನೂರಿನಲ್ಲಿ ದಕ್ಷಿಣ ಭಾರತದ ಪಾಶ್ಚರ್ ಸಂಸ್ಥೆ ಆರಂಭವಾಯಿತು. ಒಬ್ಬ ಬಿಳಿಯ ಹುಡುಗಿಯ ಸಾವಿಗೆ ಎದ್ದವರು ಹೆಸರಿಲ್ಲದ ಸಾವಿರಾರು ಸಾವುಗಳಿಗೆ ಏಳಲಿಲ್ಲವೆಂದು ಸಿಡುಕಬಹುದು. ನಾನೂ ಸಿಡುಕಿದ್ದೇನೆ. ಆದರೂ ಆ ಕಟ್ಟಡದಿಂದ ಬದುಕಿದವರು ನಮ್ಮ ಜನರೇ.

ಸೆಂಪಲ್ ಅವರು 1911ರಲ್ಲಿ ಪ್ರಕಟಿಸಿದ ವಿಧಾನವೇ ನಮ್ಮೂರಿನ ಕಥೆಯ ಕೀಲಿಕೈ. ಪಾಶ್ಚರರ ಮದ್ದನ್ನು ಹೊಸದಾಗಿ ತಯಾರಿಸಿ ಅಲ್ಲಿಯೇ ಕೊಡಬೇಕಾಗಿತ್ತು, ಆದ್ದರಿಂದ ರೋಗಿಯೇ ಸಂಸ್ಥೆಗೆ ಹೋಗಬೇಕಿತ್ತು. ಸೆಂಪಲ್ ಪ್ರಾಣಿಯ ಮಿದುಳಿನಲ್ಲಿ ಬೆಳೆಸಿದ ವಿಷಾಣುವನ್ನು ಕಾರ್ಬಾಲಿಕ್ ಆಮ್ಲದಿಂದ ಸಾಯಿಸಿ, ಕೆಡದೆ ಉಳಿಯುವ ಮದ್ದು ಮಾಡಿದರು. ಸೀಸೆಯಲ್ಲಿ ತುಂಬಿ ದೂರಕ್ಕೆ ಕಳುಹಿಸಬಹುದಾಯಿತು. ರೋಗಿ ಬೆಟ್ಟ ಹತ್ತುವ ಬದಲು ಮದ್ದೇ ಬೆಟ್ಟ ಇಳಿಯಿತು. ಮೊದಲು ದೊಡ್ಡ ಊರುಗಳ, ಆಮೇಲೆ ಸಣ್ಣ ಊರುಗಳ ಆಸ್ಪತ್ರೆಗಳಿಗೆ ಬಂತು. ಹೊಟ್ಟೆಯನ್ನೇ ಏಕೆ ಆರಿಸಿದರೆಂದರೆ, ದಿನಕ್ಕೆ ಐದು ಮಿಲಿಲೀಟರಿನವರೆಗೆ ಚುಚ್ಚುವ ಮದ್ದನ್ನು ಹಿಡಿಸುವಷ್ಟು ಸಡಿಲವಾದ ಜಾಗ ಶರೀರದಲ್ಲಿ ಬೇರೆಲ್ಲಿದೆ?

ಆ ಸೂಜಿ ಹೇಗಿತ್ತೆಂದು ಹೇಳಲೇಬೇಕು. ಸ್ಟವ್ ಮೇಲೆ ಕುದಿಯುವ ನೀರಿನಲ್ಲಿ ಗಾಜಿನ ಸಿರಿಂಜು ಕಟಕಟ ಎನ್ನುತ್ತಿತ್ತು. ಕಾಂಪೌಂಡರು ಒಂದು ದಿನ ಹೊಕ್ಕುಳ ಎಡಕ್ಕೆ, ಮರುದಿನ ಬಲಕ್ಕೆ ಜಾಗ ಹುಡುಕುತ್ತಿದ್ದರು. ನಾಲ್ಕನೆಯ ದಿನದ ಹೊತ್ತಿಗೆ ಹೊಟ್ಟೆ ಹಲಗೆಯಂತಾಗಿ, ಚಡ್ಡಿಯ ಗುಂಡಿ ಹಾಕಲಾಗದೆ ಅಪ್ಪನ ಟವೆಲ್ ಸುತ್ತಿಕೊಂಡು ಬಸ್ಸಿನಲ್ಲಿ ಕೂರುತ್ತಿದ್ದೆ. ನೋವು ಒಂದೆಡೆಯಿರಲಿ, ಅದರಲ್ಲಿ ನಿಜವಾದ ಅಪಾಯವೂ ಇತ್ತು. ಕುರಿಯ ಮಿದುಳಿನ ಅಂಶವಿದ್ದುದರಿಂದ, ಕೆಲವರ ಶರೀರ ಅದರ ವಿರುದ್ಧ ಸೆಣಸುತ್ತ ತನ್ನ ನರಮಂಡಲವನ್ನೇ ಹಾಳುಮಾಡಿಕೊಂಡು ಪಾರ್ಶ್ವವಾಯುವಿಗೆ ಈಡಾಗುತ್ತಿತ್ತು. ಎಪ್ಪತ್ತು, ಎಂಬತ್ತರ ದಶಕಗಳ ಹೊತ್ತಿಗೆ ಜೀವಕೋಶಗಳಲ್ಲಿ ಬೆಳೆಸಿದ ಶುದ್ಧ ಲಸಿಕೆಗಳು ಬಂದಿದ್ದವು. ಇರಾನಿನಲ್ಲಿ ಹುಚ್ಚು ತೋಳ, ನಾಯಿಗಳಿಂದ ಕಚ್ಚಿಸಿಕೊಂಡ 45 ಮಂದಿ ಅಂಥ ಲಸಿಕೆಯಿಂದ ಒಬ್ಬರೂ ಬಿಡದೆ ಉಳಿದರೆಂದು 1976ರಲ್ಲಿಯೇ ವರದಿಯಾಗಿತ್ತು. ಆದರೆ ಅವು ದುಬಾರಿ. ಹಣವುಳ್ಳವರು ತೋಳಿಗೆ ಐದು, ಬಡವರು ಹೊಟ್ಟೆಗೆ ಹದಿನಾಲ್ಕು ಎಂಬ ಭೇದ ನಮ್ಮಲ್ಲಿ ಬಹಳ ವರ್ಷ ನಡೆಯಿತು. ಕುರಿಮಿದುಳಿನ ಮದ್ದಿನ ತಯಾರಿಕೆ ಭಾರತದಲ್ಲಿ ನಿಂತದ್ದು 2004ರ ಕೊನೆಗೆ. 2006ರಲ್ಲಿ ಚರ್ಮದ ಪದರದೊಳಗೆ ಅತಿ ಕಡಿಮೆ ಪ್ರಮಾಣದ ಲಸಿಕೆ ಕೊಡುವ ಕ್ರಮಕ್ಕೆ ಒಪ್ಪಿಗೆ ದೊರೆತು, ಒಂದು ಸೀಸೆ ಹಲವರಿಗೆ ಸಾಲುವಂತಾಯಿತು. ಮೊಮ್ಮಗಳು ನಕ್ಕ ಸೂಜಿಯ ಹಿಂದೆ ಇಷ್ಟು ಸಂಗತಿಯಿದೆ.

ಈಗ ನಾಯಿಗಳ ಮಾತು. ಪಾಶ್ಚರ್ ಮೊದಲು ಚುಚ್ಚಿದ್ದು ನಾಯಿಗೆ ಎಂದೆನಲ್ಲವೆ? ಮೂಲದಲ್ಲಿಯೇ ತಡೆಯುವ ಆ ದಾರಿಯನ್ನು ನಾವು ನೂರು ವರ್ಷ ಮರೆತೆವು. ಒಂದೇ ಚುಚ್ಚಿನಲ್ಲಿ ನಾಯಿಗೆ ರಕ್ಷಣೆ ಕೊಡುವ ಲಸಿಕೆಯನ್ನು ಜಪಾನಿನ ಉಮೆನೊ ಮತ್ತು ದೋಯ್ ಎಂಬುವರು 1921ರಲ್ಲಿ ಪ್ರಕಟಿಸಿದರು. ಜಪಾನು 1950ರಲ್ಲಿ ನಾಯಿಗಳ ನೋಂದಣಿಯನ್ನೂ ಲಸಿಕೆಯನ್ನೂ ಕಡ್ಡಾಯ ಮಾಡಿ, 1957ರ ಹೊತ್ತಿಗೆ ರೋಗವನ್ನೇ ತನ್ನ ದ್ವೀಪಗಳಿಂದ ಓಡಿಸಿತು. ನನ್ನನ್ನು ನಾಯಿ ಕಚ್ಚುವುದಕ್ಕೆ ಎಂಟು ವರ್ಷ ಮುಂಚೆ! ನಮ್ಮಲ್ಲಿ ಇದ್ದದ್ದು ಎರಡೇ ಪಕ್ಷ: ಕೊಲ್ಲು ಎನ್ನುವವರದು, ಕೊಲ್ಲಬೇಡ ಎನ್ನುವವರದು. 1926ರಲ್ಲಿ ಅಹಮದಾಬಾದಿನ ಗಿರಣಿ ಮಾಲೀಕರೊಬ್ಬರು ಅರವತ್ತು ಬೀದಿನಾಯಿಗಳನ್ನು ಕೊಲ್ಲಿಸಿದಾಗ ಗಾಂಧೀಜಿ ಅವರ ಪರ ನಿಂತು ‘ಯಂಗ್ ಇಂಡಿಯಾ’ದಲ್ಲಿ ಲೇಖನಮಾಲೆಯನ್ನೇ ಬರೆದರು, ಕೋಪದ ಪತ್ರಗಳ ಸುರಿಮಳೆಯನ್ನೂ ಎದುರಿಸಿದರು. ಕೊಲ್ಲುವ ವಿಷಯದಲ್ಲಿ ನಾನು ಅವರೊಡನೆ ಇಲ್ಲ. ಆದರೆ ಒಡೆಯನಿಲ್ಲದ ನಾಯಿ ಸಮಾಜದ ನಾಚಿಕೆ, ತುತ್ತು ಎಸೆದು ಹೋಗುವುದು ದಯೆಯಲ್ಲ, ಸಾಕುವುದಾದರೆ ಹೊಣೆ ಹೊತ್ತು ಸಾಕಬೇಕು ಎಂಬ ಅವರ ವಾದಕ್ಕೆ ಇಂದಿಗೂ ಉತ್ತರ ಕೊಡಲಾರೆವು. ಸಂತಾನಹರಣ ಮಾಡಿ, ಲಸಿಕೆ ಹಾಕಿ ಬಿಡುವ ನಿಯಮ ಬಂದದ್ದು 2001ರಲ್ಲಿ. ಮನಸ್ಸು ಮಾಡಿದರೆ ಸಾಧ್ಯವೆಂಬುದನ್ನು ನೆರೆಯ ಗೋವಾ ತೋರಿಸಿದೆ. ವರ್ಷವರ್ಷವೂ ನಾಯಿಗಳಿಗೆ ಸಾಮೂಹಿಕವಾಗಿ ಲಸಿಕೆ ಹಾಕಿಸಿ 2021ರಲ್ಲಿ ಅದು ರೇಬೀಸ್ ನಿಯಂತ್ರಿತ ಪ್ರದೇಶವಾಯಿತು. ದೇಶದಲ್ಲಿ ವರ್ಷಕ್ಕೆ ಸುಮಾರು 20,000 ಸಾವು ಎಂದು 2003ರ ಸಮೀಕ್ಷೆಯ ಅಂದಾಜಿತ್ತು. 2022–23ರ ಸಮೀಕ್ಷೆಯ ಅಂದಾಜು ಸುಮಾರು 5,700. ಇಳಿದಿದೆ, ನಿಜ. ಆದರೆ ತಡೆಯಬಹುದಾದ ಸಾವನ್ನು ಸಾವಿರದ ಲೆಕ್ಕದಲ್ಲಿ ಹೇಳುವುದೇ ಸಂಕಟ.

ನಾಯಿ ಸಾಕಿರುವ ಓದುಗರಿಗೆ ಮೇಷ್ಟರ ಚಾಳಿಯಿಂದ ಎರಡು ಮಾತು. ಹುಚ್ಚು ಹಿಡಿದ ನಾಯಿಗಳೆಲ್ಲವೂ ಅಟ್ಟಿಸಿಕೊಂಡು ಬರುವುದಿಲ್ಲ. ಕೆಲವು ಮಂಕಾಗಿ ಮೂಲೆ ಹಿಡಿಯುತ್ತವೆ, ದವಡೆ ಜೋತು, ನುಂಗಲಾರದೆ ಒದ್ದಾಡುತ್ತವೆ. ಗಂಟಲಿನಲ್ಲಿ ಮೂಳೆ ಸಿಕ್ಕಿದೆಯೆಂದು ಭಾವಿಸಿ ಪ್ರೀತಿಯಿಂದ ಬಾಯೊಳಗೆ ಕೈಹಾಕಿದವರು ಅಪಾಯಕ್ಕೆ ಸಿಕ್ಕಿದ್ದಾರೆ. ಮರಿಗೆ ಮೂರು ತಿಂಗಳು ತುಂಬಿದಾಗ ಮೊದಲ ಲಸಿಕೆ, ಆಮೇಲೆ ಪಶುವೈದ್ಯರು ಹೇಳಿದಂತೆ ವರ್ಷಕ್ಕೊಮ್ಮೆ. ಇನ್ನು ಕಚ್ಚಿದರೆ, ಪರಚಿದರೂ ಸರಿ, ಮೊದಲು ಹರಿಯುವ ನೀರಿನಲ್ಲಿ ಸೋಪು ಹಚ್ಚಿ ಹದಿನೈದು ನಿಮಿಷ ತೊಳೆಯಬೇಕು. ಈ ವಿಷಾಣುವಿಗೆ ಕೊಬ್ಬಿನ ಹೊದಿಕೆಯಿದೆ, ಸೋಪು ಅದನ್ನು ಕರಗಿಸುತ್ತದೆ. ಅರಿಶಿನ, ಸುಣ್ಣ, ಖಾರದಪುಡಿ ಯಾವುದೂ ಬೇಡ. ಆಮೇಲೆ ಅದೇ ದಿನ ಆಸ್ಪತ್ರೆ. ರಕ್ತ ಬರುವಂಥ ಗಾಯವಾದರೆ ಗಾಯದೊಳಗೇ ಹಾಕುವ ಇನ್ನೊಂದು ಮದ್ದಿದೆ, ಇಮ್ಯುನೊಗ್ಲಾಬ್ಯುಲಿನ್ ಎಂದು. ಅದನ್ನು ಕೇಳಿ ಹಾಕಿಸಿಕೊಳ್ಳಬೇಕು. ಕಚ್ಚಿದ ನಾಯಿಯನ್ನು ಹತ್ತು ದಿನ ಗಮನಿಸಬೇಕೆಂಬುದೂ ಸರಿಯೇ, ಆದರೆ ಅದು ಬದುಕುತ್ತದೋ ನೋಡೋಣವೆಂದು ಮೊದಲ ಸೂಜಿಯನ್ನು ಮುಂದೂಡಬಾರದು.

ಬಿಟ್ಟ ಕಥೆಗೆ ಬರುತ್ತೇನೆ. ಕರಿಯನನ್ನು ಕೊಟ್ಟಿಗೆಯ ಹಿಂದೆ ಕಟ್ಟಿಹಾಕಿದ್ದರು. ನನಗೆ ಎಂಟನೆಯ ಸೂಜಿ ಬಿದ್ದ ದಿನ ಊರಿನ ನಾಲ್ಕು ಜನ ಬಂದು ಅದನ್ನು ತೋಪಿನ ಕಡೆಗೆ ಕರೆದೊಯ್ದರು. ಅದು ಬಾಲವಾಡಿಸುತ್ತಲೇ ಹೋಯಿತೆಂದು ಅಜ್ಜಿ ಹೇಳಿದರು. ಗೆಳೆಯ ನಾಲ್ಕನೆಯ ವಾರದಲ್ಲಿ ಜ್ವರವೆಂದು ಮಲಗಿದ. ಅವನ ತಾಯಿ ಲೋಟದಲ್ಲಿ ನೀರು ತಂದಾಗ ಗಂಟಲು ಬಿಗಿದು ಚೀರಿದನಂತೆ. ಮೂರನೆಯ ದಿನ ಹೋಗಿಬಿಟ್ಟ. ನನಗೆ ಒಳಗೆ ಹೋಗಲು ಬಿಡಲಿಲ್ಲ. ಶಾಲೆ ತೆರೆದ ಮೇಲೆ ಆ ಮಣೆಯ ಮೇಲೆ ಒಬ್ಬನೇ ಕುಳಿತೆ.

ಪ್ರತಿ ಸೆಪ್ಟೆಂಬರ್ 28ರಂದು, ಪಾಶ್ಚರ್ ತೀರಿಕೊಂಡ ದಿನ, ರೇಬೀಸ್ ದಿನಾಚರಣೆ ನಡೆಯುತ್ತದೆ. ಕಳೆದ ಸಲ ನಮ್ಮೂರಿನ ಶಾಲೆಯ ಅಂಗಳದಲ್ಲಿ ನಾಯಿಗಳಿಗೆ ಉಚಿತ ಲಸಿಕೆಯೆಂದು ತಿಳಿದು ಹೋಗಿದ್ದೆ. ಹಗ್ಗ, ಸೀರೆಯಂಚು, ಸೈಕಲ್ ಟ್ಯೂಬು, ಕೈಗೆ ಸಿಕ್ಕಿದ್ದರಲ್ಲಿ ಕಟ್ಟಿಕೊಂಡು ಮಕ್ಕಳು ನಾಯಿಗಳನ್ನು ಎಳೆತಂದಿದ್ದರು. ಗೆಳೆಯನ ತಮ್ಮ, ಅವನಿಗೂ ಈಗ ಅರವತ್ತು ದಾಟಿದೆ, ಎರಡು ನಾಯಿಗಳೊಡನೆ ಸಾಲಿನಲ್ಲಿ ನಿಂತಿದ್ದ. “ಬೆಳಗ್ಗೆ ಏಳಕ್ಕೇ ಬಂದೆ ಮೇಷ್ಟ್ರೇ, ಮದ್ದು ಮುಗಿದುಹೋದೀತು ಅಂತ” ಎಂದ. ಎರಡರಲ್ಲಿ ಒಂದು ಮರಿ ಬಹಳ ಕೊಸರುತ್ತಿತ್ತು, ಅದರ ಮುಂಗಾಲನ್ನು ನಾನು ಹಿಡಿದುಕೊಂಡೆ.