ಸೀನು ನಿಲ್ಲಿಸಿದಾಕೆ

ಬೆಂಗಳೂರಿನ ಧೂಳಿಗೆ ಸೀನಿ ಸೀನಿ ಸುಸ್ತಾದ ನನಗೆ ಅಲರ್ಜಿ ಮಾತ್ರೆಯ ಜಾತಕ ನೋಡೋಣ ಅನ್ನಿಸ್ತು.

ಅಲರ್ಜಿ ಇದ್ದವರು ಧೂಳು ಕುಡಿದರೆ ಮೈ ಹಿಸ್ಟಮಿನ್ ಬಿಡುಗಡೆ ಮಾಡುತ್ತೆ. ತುರಿಕೆ, ಸೀನು ಅದರದ್ದೇ ಕಿತಾಪತಿ. ಅದು ಕೂರೋ ಜಾಗಕ್ಕೆ ಮಾತ್ರೆ ಮೊದಲೇ ಟವೆಲ್ ಹಾಕಿಬಿಡುತ್ತೆ, ನಮ್ಮ ಬಸ್ ಸೀಟಿನ ಥರ :)

1937ರಲ್ಲಿ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ಡೇನಿಯಲ್ ಬೋವೆ ಮತ್ತು ಸಂಶೋಧನಾ ವಿದ್ಯಾರ್ಥಿನಿ ಆನ್-ಮರಿ ಸ್ಟಾಬ್ ಹಿಸ್ಟಮಿನ್ ತಡೆಯೋ ಮೊದಲ ವಸ್ತುವನ್ನು ಗಿನಿಯಿಲಿಗಳ ಮೇಲೆ ತೋರಿಸಿದರು. ಆದರೆ ಅದು ಮನುಷ್ಯರಿಗೆ ಕೊಡಲಾಗದಷ್ಟು ವಿಷ. ಸ್ಟಾಬ್ ಬಿಡಲಿಲ್ಲ. ಇನ್ನಷ್ಟು ಸಂಯುಕ್ತಗಳನ್ನು ಪರೀಕ್ಷಿಸಿ 1939ರಲ್ಲಿ ಪ್ರಬಂಧ ಬರೆದರು. ಅದೇ ಜಾಡಿನಲ್ಲಿ 1942ರಲ್ಲಿ ರೋಗಿಗಳಿಗೆ ಆಂಟರ್ಗಾನ್ ಸಿಕ್ಕಿತು.

1957ರ ವೈದ್ಯಶಾಸ್ತ್ರದ ನೊಬೆಲ್ ಬೋವೆ ಒಬ್ಬರಿಗೇ ಬಂತು. ಸ್ಟಾಬ್ ಹೆಸರು ನಾನು ಕೇಳಿದ್ದೇ ಈಗ... ನೀವು ಕೇಳಿದ್ರಾ?