ಏಕೀಕೃತ ಲಾಗಿನ್ (ವಿಕಿಮೀಡಿಯ)
ಒಂದೇ ಖಾತೆಯಿಂದ ವಿಕಿಮೀಡಿಯದ ಹಲವು ಜಾಲತಾಣಗಳನ್ನು ಪ್ರವೇಶಿಸುವ ವ್ಯವಸ್ಥೆ. ಕನ್ನಡ ವಿಕಿಪೀಡಿಯ, ವಿಕ್ಷನರಿ, ವಿಕಿಸೋರ್ಸ್, ತುಳು ವಿಕಿಪೀಡಿಯ ಎಲ್ಲವೂ ಮೀಡಿಯಾವಿಕಿ ಎಂಬ ಒಂದೇ ತಂತ್ರಾಂಶದಲ್ಲಿ ನಡೆಯುತ್ತವೆ. ಮೊದಲು ತಾಣಕ್ಕೊಂದು ಖಾತೆ ಬೇಕಿತ್ತು. 2008ರಲ್ಲಿ ಖಾತೆಗಳನ್ನು ಒಗ್ಗೂಡಿಸುವ ಸೌಲಭ್ಯ ಎಲ್ಲರಿಗೂ ದೊರೆಯಿತು, 2015ರಲ್ಲಿ ಏಕೀಕರಣ ಪೂರ್ಣಗೊಂಡಿತು. ಒಂದೇ ಹೆಸರಿನ ಖಾತೆಗಳ ಒಡೆತನ ಗುರುತಿಸಲು ದೃಢೀಕೃತ ಇಮೇಲ್ ಅಥವಾ ಪಾಸ್‌ವರ್ಡ್ ಹೊಂದಿಕೆ ಆಧಾರವಾಯಿತು. ಸೆಂಟ್ರಲ್‌ಆತ್ ಎಂಬ ವಿಸ್ತರಣೆ ಖಾತೆಯ ವಿವರಗಳನ್ನು ಕೇಂದ್ರ ದತ್ತಸಂಚಯದಲ್ಲಿಡುತ್ತದೆ. ಬ್ರೌಸರ್‌ನಲ್ಲಿ ಲಾಗಿನ್ ಗುರುತು ಉಳಿಸುವ ಕುಕಿ ಆಯಾ ಡೊಮೈನ್‌ಗೆ ಸೀಮಿತವಾದ್ದರಿಂದ ತಾಣಗಳು ಕೇಂದ್ರ ಡೊಮೈನ್ ಮೂಲಕ ಲಾಗಿನ್ ಖಚಿತಪಡಿಸಿಕೊಳ್ಳುತ್ತವೆ. ವಿಕಿಪೀಡಿಯದಲ್ಲಿ ಅಮೀನಗಡದ ಲೇಖನ ತಿದ್ದಿದವರು ವಿಕಿಮೀಡಿಯದ ಚಿತ್ರಭಂಡಾರವಾದ ಕಾಮನ್ಸ್‌ಗೆ ಆ ಊರಿನ ಸಿಹಿತಿಂಡಿ ಕರದಂಟಿನ ಚಿತ್ರ ಸೇರಿಸಲು ಬೇರೆ ಖಾತೆ ತೆರೆಯಬೇಕಿಲ್ಲ. ಇಮೇಲ್ ಐಚ್ಛಿಕ; ಮರೆತ ಪಾಸ್‌ವರ್ಡ್ ಬದಲಿಸಲು ಅದು ಬೇಕು. ಖಾತೆ ಒಂದೇ ಆದರೂ ನಿರ್ವಾಹಕ ಹಕ್ಕು ಆಯಾ ತಾಣಕ್ಕಷ್ಟೇ ಅನ್ವಯಿಸುತ್ತದೆ.